ಕಾಡಿನ ಬೆಂಕಿ ಆರಿಸೋಕೆ ಸ್ವಯಂಸೇವಕರಾಗಿ ಬರೋರಿಗೆ ಏನು ಕೆಲಸ ಇರುತ್ತೆ? ಏನೇನು ಸಾಮಾನು ಬೇಕು?

ನೀವು ಕೇಳಿರೋದು ಇಷ್ಟು: ಬಂಡೀಪುರದ ಕಡೆ ಕಾಡಿಗೆ ಬೆಂಕಿ ಬಿದ್ದಾಗ ಆರಿಸೋರ ಜೊತೆ ದುಡಿಯೋ ಆಸೆ ನಿಮಗೂ ನಿಮ್ಮ ಗೆಳೆಯರಿಗೂ ಇದೆ. ಅಲ್ಲಿ ದಿನಾ ಏನು ಕೆಲಸ, ಯಾವ್ಯಾವ ಸಲಕರಣೆ ಬಳಸ್ತಾರೆ, ಬೆಂಗಳೂರಿನಿಂದ ಬರುವಾಗ ಏನು ತರಬೇಕು? ನಾನು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯವನು. ಕೆಲವು ಬೇಸಿಗೆ ಫೈರ್ ವಾಚರ್, ಅಂದರೆ ಕಾಡಿನ ಬೆಂಕಿ ಕಾಯೋನಾಗಿ ದುಡಿದಿದ್ದೀನಿ. ಈಗ ಜಮೀನು ನೋಡ್ಕೊಂಡು, ಕರೆ ಬಂದಾಗ ಊರಿನ ಹುಡುಗರ ಜೊತೆ ಹೋಗ್ತೀನಿ.

ಮೊದಲೇ ಹೇಳಿಬಿಡ್ತೀನಿ. ಟಿವಿಯಲ್ಲಿ ಹೊಗೆ ಕಂಡ ಮೇಲೆ ಹೊರಡಬೇಡಿ, ಡಿಸೆಂಬರಿನಲ್ಲಿ ಬನ್ನಿ. ಬೆಂಕಿ ಆರಿಸೋ ಕೆಲಸದ ಮುಕ್ಕಾಲು ಪಾಲು ಬೆಂಕಿ ಬೀಳೋಕೆ ಮುಂಚೆಯೇ ಮುಗಿದಿರಬೇಕು. ಉಳಿದ ಕಾಲು ಪಾಲಿನಲ್ಲೂ ಉರಿಯ ಎದುರು ನಿಲ್ಲೋದು ಸ್ವಲ್ಪ ಹೊತ್ತು, ಬೂದಿ ಕೆದಕೋದು ಬಹಳ ಹೊತ್ತು.

ಡಿಸೆಂಬರಿನ ಕೆಲಸ ಅಂದರೆ ಬೆಂಕಿ ರೇಖೆ. ನಾವು ಫೈರ್ ಲೈನ್ ಅಂತಲೇ ಅನ್ನೋದು. ಮಳೆ ನಿಂತು ಹುಲ್ಲು ಹಳದಿಗೆ ತಿರುಗಿದಾಗ ರಸ್ತೆಯ ಎರಡೂ ಬದಿ, ಕಾಡಿನ ಗಡಿಯುದ್ದಕ್ಕೂ, ಒಂದು ವಲಯಕ್ಕೂ ಇನ್ನೊಂದಕ್ಕೂ ನಡುವೆ, ಅಗಲವಾದ ಪಟ್ಟಿ ಹಿಡಿದು ಹುಲ್ಲು, ಪೊದೆ ಎಲ್ಲ ಕಡಿದು ಹಾಕ್ತಾರೆ. ಕಡಿದದ್ದು ಅಲ್ಲೇ ಒಣಗಬೇಕು. ಆಮೇಲೆ ಪಕ್ಕದ ಹುಲ್ಲಿನಲ್ಲಿ ಇಬ್ಬನಿಯ ತೇವ ಇನ್ನೂ ಇರೋ ಹೊತ್ತು ನೋಡಿ, ಗಾಳಿ ನೋಡಿ, ಪಟ್ಟಿಯ ಒಳಗಿನದನ್ನಷ್ಟೇ ಸುಡೋದು. ಎರಡೂ ಅಂಚಿನಲ್ಲಿ ಜನ ನೀರಿನ ಕ್ಯಾನು, ಬೆಂಕಿ ಬಡಿಯೋಕೆ ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತಿರ್ತಾರೆ. ಒಂದು ಕಿಡಿ ಆಚೆ ಹಾರಿದರೂ ಅಲ್ಲೇ ಬಡಿಯಬೇಕು. ಬಿಸಿಲೇರಿದ ಮೇಲೆ ಈ ಕೆಲಸಕ್ಕೆ ಯಾರೂ ಕೈ ಹಾಕಲ್ಲ.

ಇಷ್ಟು ಮಾಡಿದರೂ ಒಂದು ಸಲಕ್ಕೆ ಮುಗಿಯಲ್ಲ. ಫೆಬ್ರವರಿಗೆ ತೇಗ, ದಿಂಡಿಗ, ಮತ್ತಿ ಎಲ್ಲ ಎಲೆ ಉದುರಿಸುತ್ತವೆ. ಸುಟ್ಟು ಬೋಳು ಮಾಡಿದ ಪಟ್ಟಿಯ ಮೇಲೆ ಮತ್ತೆ ತರಗು ಹಾಸುತ್ತೆ. ತೇಗದ ಎಲೆಯಂತೂ ಅಗಲ, ಹಗುರ, ಹೊತ್ತಿಕೊಂಡರೆ ಗಾಳಿಗೆ ಎದ್ದು ರಸ್ತೆ ದಾಟುತ್ತೆ. ಹಾಗಾಗಿ ಗುಡಿಸಿದ ಲೈನನ್ನೇ ಮತ್ತೆ ಮತ್ತೆ ಗುಡಿಸಬೇಕು. ಇದಕ್ಕೆ ಕೈ ಎಷ್ಟಿದ್ದರೂ ಸಾಲಲ್ಲ. ನಿಮ್ಮಂಥವರು ನಾಲ್ಕು ಜನ ಎರಡು ದಿನ ಬಂದು ತರಗು ಎಳೆದು ಹೋದರೆ ಅದರ ಉಪಯೋಗ ಮಾರ್ಚಿನಲ್ಲಿ ಗೊತ್ತಾಗುತ್ತೆ. ಫೋಟೋದಲ್ಲಿ ಚೆನ್ನಾಗಿ ಕಾಣೋ ಕೆಲಸ ಅಲ್ಲ, ಆದರೆ ಕಾಡು ಉಳಿಸೋದು ಇದೇ.

ಇಲ್ಲೊಂದು ಮಾತು ಹೇಳಲೇಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯೋ ಮುಂಚೆಯೇ ನೆಲದ ಎಲೆಯನ್ನಷ್ಟೇ ಸುಡೋ ಸಣ್ಣ ಬೆಂಕಿ ಇಡ್ತಿದ್ದರು, ತರಗು ಬೆಂಕಿ ಅಂತ. ಉರಿ ಮೊಣಕಾಲು ಮುಟ್ಟದೆ ಹರಿದು ಹೋಗೋದು. ನೆಲ್ಲಿ ಮರಕ್ಕೆ ಹತ್ತೋ ಉಪ್ಪಿಲು ಅನ್ನೋ ಬದನಿಕೆಯೂ ಅದರಿಂದ ಹದ್ದುಬಸ್ತಿನಲ್ಲಿರ್ತಿತ್ತು ಅಂತ ಅವರು ಹೇಳ್ತಾರೆ. 1974ರಲ್ಲಿ ಅಭಯಾರಣ್ಯ ಆದಮೇಲೆ ಅದು ನಿಂತಿತು. ಈಗ ಅಲ್ಲೂ ನಮ್ಮಲ್ಲೂ ಆಳೆತ್ತರ ಲಂಟಾನ. ನೆಲದಲ್ಲಿ ಹರಿಯಬೇಕಾದ ಬೆಂಕಿ ಆ ಪೊದೆ ಹತ್ತಿ, ಅಲ್ಲಿಂದ ಮರದ ತಲೆಗೆ ಹೋಗುತ್ತೆ. ಸೋಲಿಗರ ತಿಳಿವಳಿಕೆ ಕೇಳಿ ನಡೆದಿದ್ದರೆ ನಮ್ಮ ಕಾಡುಗಳ ಸ್ಥಿತಿ ಇಷ್ಟು ಕೆಡ್ತಿರಲಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ವಾಚರ್ ದಿನಚರಿ. ಫೈರ್ ವಾಚರ್‌ಗಳು ಬಹುತೇಕ ಸುತ್ತಲ ಹಾಡಿ, ಹಳ್ಳಿಯವರೇ. ಜೇನುಕುರುಬರು, ಸೋಲಿಗರು, ನಮ್ಮಂಥ ಒಕ್ಕಲು ಮಕ್ಕಳು. ಬೇಸಿಗೆಯ ಕೆಲವು ತಿಂಗಳಿಗೆ ದಿನಗೂಲಿಯ ಮೇಲೆ ತಗೋತಾರೆ. ಕಾಡಿನ ಒಳಗೆ ಕಳ್ಳಬೇಟೆ ತಡೆ ಶಿಬಿರಗಳಿವೆ, ಸುತ್ತ ಆನೆ ಬರದ ಹಾಗೆ ಕಂದಕ ತೋಡಿರ್ತಾರೆ. ಅಲ್ಲಿ ಮುದ್ದೆ, ಸಾರು, ಮಲಗೋದು. ಬೆಳಗಿನ ಹೊತ್ತು ಬೀಟ್, ಅಂದರೆ ತಮಗೆ ಒಪ್ಪಿಸಿದ ಕಾಡಿನ ಭಾಗ, ಸುತ್ತೋದು, ಲೈನ್ ನೋಡೋದು. ಹನ್ನೊಂದರಿಂದ ನಾಲ್ಕು ಗಂಟೆವರೆಗೆ ಎತ್ತರದ ಜಾಗದಲ್ಲಿ, ವಾಚ್ ಟವರ್ ಇದ್ದರೆ ಅದರ ಮೇಲೆ, ಕಣ್ಣು ಮುಚ್ಚದೆ ಕೂರೋದು. ನೆಲ ಕಾದು, ಗಾಳಿ ಎದ್ದು, ತರಗು ಚಟಚಟ ಅನ್ನೋ ಆ ಹೊತ್ತಿನಲ್ಲೇ ಬೆಂಕಿ ಓಡೋದು. ಬಿಳಿ ಹೊಗೆ ಎದ್ದರೆ ಹುಲ್ಲು ಅಥವಾ ತರಗು, ಕಪ್ಪಗೆ ದಟ್ಟವಾಗಿ ಎದ್ದರೆ ಪೊದೆ ಹಿಡಿದಿದೆ ಅಂತ ಅನುಭವಸ್ಥರು ದೂರದಿಂದಲೇ ಅಂದಾಜು ಮಾಡ್ತಾರೆ. ವಾಕಿಟಾಕಿಯಲ್ಲಿ ಜಾಗದ ಹೆಸರು ಹೇಳಿದರೆ ಸಾಕು. ಕಾಡಿನ ಪ್ರತಿ ಹಳ್ಳಕ್ಕೂ ಗುಡ್ಡಕ್ಕೂ ಇವರಿಗೆ ಹೆಸರು ಗೊತ್ತು.

ಮೇಲಿಂದ ಉಪಗ್ರಹವೂ ನೋಡ್ತಿರುತ್ತೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯಿಂದ ಸಿಬ್ಬಂದಿಯ ಮೊಬೈಲಿಗೆ ಮೆಸೇಜ್ ಬರುತ್ತೆ. ಆದರೆ ಅದರ ಒಂದು ಚುಕ್ಕಿ ಅಂದರೆ ಸುಮಾರು 375 ಮೀಟರ್ ಚೌಕ, ಮೇಲಾಗಿ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆ ಮೇಲೆ ಹಾದುಹೋಗೋದು. ಸಣ್ಣ ಬೆಂಕಿಯನ್ನು ಮೊದಲು ಹಿಡಿಯೋದು ಈಗಲೂ ಮರದ ಮೇಲೆ ಕೂತ ಮನುಷ್ಯನ ಕಣ್ಣೇ.

ಸಲಕರಣೆ ಬಗ್ಗೆ ಕೇಳಿದಿರಿ. ಸಿಟಿಯ ಅಗ್ನಿಶಾಮಕ ದಳದ ಪೈಪು, ಏಣಿ ಮನಸ್ಸಿನಲ್ಲಿದ್ದರೆ ಬಿಟ್ಟುಬಿಡಿ. ಫೈರ್ ಇಂಜಿನ್ ಬರುತ್ತೆ, ಆದರೆ ರಸ್ತೆ ಬಿಟ್ಟು ಇಳಿಯಲ್ಲ. ಪಿಕಪ್ಪಿನಲ್ಲೋ ಜೀಪಿನಲ್ಲೋ ಟ್ಯಾಂಕು, ಪಂಪು ಕೂರಿಸಿಕೊಂಡು ಕಾಡುದಾರಿಯಲ್ಲಿ ಸ್ವಲ್ಪ ಒಳಗೆ ಹೋಗಬಹುದು. ಅದರಾಚೆಗೆ ಬೆನ್ನ ಮೇಲೆ ಎಷ್ಟು ಹೊರ್ತೀವೋ ಅಷ್ಟೇ ನೀರು. ಹೊಲಕ್ಕೆ ಔಷಧಿ ಹೊಡೆಯೋ ಹದಿನಾರು ಲೀಟರ್ ಕ್ಯಾನ್ ಇದೆಯಲ್ಲ, ಅದೇ ನಮ್ಮ ವಾಟರ್ ಟ್ಯಾಂಕರ್. ಔಷಧಿಗೆ ಬಳಸಿದ ಕ್ಯಾನ್ ತರಬಾರದು, ಇದಕ್ಕೇ ಬೇರೆ ಇಡಬೇಕು. ಆ ನೀರನ್ನು ಉರಿಯ ಮೇಲೆ ಸುರಿದು ಖಾಲಿ ಮಾಡಲ್ಲ. ಸೊಪ್ಪು ಬಡಿದು ಉರಿ ತಗ್ಗಿಸಿದ ಮೇಲೆ ಉಳಿದ ಕೆಂಡಕ್ಕೆ ಹನಿಹನಿಯಾಗಿ ಬಿಡೋದು.

ಇವತ್ತಿಗೂ ಮುಖ್ಯ ಆಯುಧ ಹಸಿ ಸೊಪ್ಪು. ಬೇಸಿಗೆಯಲ್ಲಿ ಇಲ್ಲಿನ ಮರಗಳೇ ಬೋಳಾಗಿರೋದರಿಂದ ಹಸಿರು ಕೊಂಬೆ ಸಿಗೋದೇ ಕಷ್ಟ. ಹಳ್ಳದ ಬದಿಯ ನೇರಳೆಯೋ, ಏನೂ ಇಲ್ಲದಿದ್ದರೆ ಲಂಟಾನವೋ ಕಡಿದುಕೋಬೇಕು. ಹೊಡೆಯೋದರಲ್ಲಿ ಒಂದು ಕ್ರಮ ಇದೆ. ಹೊಸಬರು ಸೊಪ್ಪನ್ನು ತಲೆ ಮೇಲೆತ್ತಿ ಜೋರಾಗಿ ಬಡೀತಾರೆ. ಆಗ ಕಿಡಿ ನಾಲ್ಕೂ ಕಡೆ ಚೆಲ್ಲುತ್ತೆ, ಒಂದು ಬೆಂಕಿ ಮೂರಾಗುತ್ತೆ. ಸೊಪ್ಪನ್ನು ಸೊಂಟದ ಮಟ್ಟಕ್ಕಿಂತ ಮೇಲೆತ್ತದೆ, ಉರಿಯ ಮೇಲೆ ಚಪ್ಪಟೆಯಾಗಿ ಒತ್ತಿ, ಆಗಲೇ ಸುಟ್ಟು ಕಪ್ಪಾದ ಕಡೆಗೆ ಎಳೆಯಬೇಕು. ಗಾಳಿ ಸಿಗದೆ ಉರಿ ಸಾಯುತ್ತೆ, ಕಿಡಿ ಬಿದ್ದರೂ ಸುಟ್ಟ ನೆಲದಲ್ಲೇ ಬೀಳುತ್ತೆ. ಉದ್ದ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿದ ಬೀಟರ್‌ಗಳೂ ಬಂದಿವೆ, ಬಳಸೋ ರೀತಿ ಅದೇ.

ನನ್ನ ಕಣ್ಣೆದುರು ಈ ಕೆಲಸವನ್ನು ನಿಜವಾಗಿ ಬದಲಾಯಿಸಿದ್ದು ಬ್ಲೋಯರ್. ಬೆನ್ನಿಗೆ ಕಟ್ಟೋ ಪೆಟ್ರೋಲ್ ಯಂತ್ರ, ಕೊಳವೆಯಿಂದ ಬಿರುಸಾಗಿ ಗಾಳಿ ಬರುತ್ತೆ. ಬೆಂಕಿಗೆ ಗಾಳಿ ಹಾಕೋದಾ ಅಂತ ಕೇಳ್ತಾರೆ. ಉರಿಗೆ ಹಾಕೋದಲ್ಲ, ಅದರ ಮುಂದಿನ ತರಗನ್ನು ಗುಡಿಸೋಕೆ. ಹತ್ತಾಳು ಎಳೆಯೋ ಜಾಗವನ್ನು ಒಬ್ಬ ಬೇಗನೆ ಮಣ್ಣು ಕಾಣೋ ತನಕ ಬಿಡಿಸಿಬಿಡ್ತಾನೆ. ಮಣ್ಣು ಕಂಡ ಕಡೆ ನೆಲದ ಬೆಂಕಿ ನಿಂತುಬಿಡುತ್ತೆ. ಯಂತ್ರ ಕಾದಿರುವಾಗ ಪೆಟ್ರೋಲ್ ಹಾಕಬಾರದು, ಪೆಟ್ರೋಲ್ ಕ್ಯಾನ್ ಹೊತ್ತವನು ಉರಿಯ ಹತ್ತಿರ ಬರಲೇಬಾರದು. ಇನ್ನು ಮಚ್ಚು, ಗುದ್ದಲಿ, ಗರಗಸ, ತಲೆಗೆ ಕಟ್ಟೋ ಟಾರ್ಚು. ಅಷ್ಟೇ.

ಬೆಂಕಿ ಬಿದ್ದಾಗ ಗಾರ್ಡು ಅಥವಾ ಹಿರಿಯ ವಾಚರ್ ಒಬ್ಬರು ಮೊದಲು ಗಾಳಿ ನೋಡ್ತಾರೆ, ಇಳಿಜಾರು ನೋಡ್ತಾರೆ. ಬೆಂಕಿ ಏರು ಹತ್ತುವಾಗ ಓಡುತ್ತೆ, ಇಳಿಯುವಾಗ ನಡೆಯುತ್ತೆ. ಅದಕ್ಕೇ ಉರಿಯೋ ಬೆಟ್ಟದ ಮೇಲ್ಗಡೆ ನಿಲ್ಲೋದು ಸಾವು ಕರೆದ ಹಾಗೆ. 2018ರ ಮಾರ್ಚಿನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಕಾಳ್ಗಿಚ್ಚಿಗೆ ಸಿಕ್ಕಿ ಸತ್ತರು. ಕಾಡು ಗೊತ್ತಿದ್ದವರೂ ಸತ್ತಿದ್ದಾರೆ: 2017ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕರು, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ಇದನ್ನು ಹೆದರಿಸೋಕೆ ಹೇಳ್ತಿಲ್ಲ. ಹೊಸಬರಿಗೆ ನಾನು ಮೊದಲು ಕಲಿಸೋದೇ ಓಡೋ ದಾರಿ. ಯಾವಾಗಲೂ ಸುಟ್ಟು ಕಪ್ಪಾದ ನೆಲ ಬೆನ್ನ ಹಿಂದೆ ಇರಬೇಕು. ಹೆಚ್ಚುಕಮ್ಮಿ ಆದರೆ ಅಲ್ಲಿಗೆ ಸರೀಬೇಕು, ಹಸಿರು ಪೊದೆಯ ಕಡೆಗಲ್ಲ. ಗುಂಪು ಬಿಟ್ಟು ಒಂಟಿಯಾಗಿ ಹೋಗಬಾರದು. ಒಬ್ಬರು ಸೊಪ್ಪು ಹಿಡಿಯದೆ ಬರೀ ಕಾವಲು ನಿಲ್ಲಬೇಕು, ಬೆಂಕಿಗೂ ಆನೆಗೂ.

ಉರಿ ಜೋರಿದ್ದರೆ ಎದುರು ಹೋಗಲ್ಲ, ಹಿಂದಿನಿಂದ, ಪಕ್ಕಗಳಿಂದ ಬಡೀತಾ ಅದರ ಅಗಲ ಕಮ್ಮಿ ಮಾಡ್ತಾ ಬರ್ತೀವಿ. ಅದೂ ಆಗದಿದ್ದರೆ ದೂರದಲ್ಲಿ ಒಂದು ರಸ್ತೆಯನ್ನೋ ಲೈನನ್ನೋ ಆರಿಸಿಕೊಂಡು ಎದುರು ಬೆಂಕಿ ಕೊಡೋದು, ಅಂದರೆ ಬರ್ತಿರೋ ಉರಿಗೆ ಸುಡೋಕೆ ಏನೂ ಸಿಗದ ಹಾಗೆ ನಡುವಿನ ತರಗನ್ನು ನಾವೇ ಮೊದಲು ಸುಟ್ಟುಬಿಡೋದು. ಅದನ್ನು ಅಧಿಕಾರಿ ಹೇಳದೆ ಯಾರೂ ಕೊಡೋ ಹಾಗಿಲ್ಲ. ಸಂಜೆ ಗಾಳಿ ಬಿದ್ದ ಮೇಲೆ ಬೆಂಕಿ ತಗ್ಗುತ್ತೆ. ಕೆಲಸ ಹೆಚ್ಚು ಸಾಗೋದು ಆಗಿನಿಂದ ಬೆಳಗಿನ ಜಾವದವರೆಗೆ.

ಉರಿ ಆರಿದ ಮೇಲೆ ಹೊಸಬರು ಚಪ್ಪಾಳೆ ತಟ್ಟಿ ವಾಪಸ್ ಹೊರಡ್ತಾರೆ. ನನ್ನ ಪ್ರಕಾರ ಅಸಲು ಕೆಲಸ ಶುರುವಾಗೋದೇ ಆಗ. ಆನೆ ಲದ್ದಿ ಗೊತ್ತಲ್ಲ, ಪೂರ್ತಿ ನಾರು. ಹೊರಗೆ ಬೂದಿ ಕಟ್ಟಿ ತಣ್ಣಗೆ ಕಾಣುತ್ತೆ, ಒಳಗೆ ಕೆಂಡ ಗಂಟೆಗಟ್ಟಲೆ ಕೂತಿರುತ್ತೆ. ಮರುದಿನ ಮಧ್ಯಾಹ್ನ ಗಾಳಿ ಬಂದರೆ ಅದರ ಪುಡಿ ಹಾರಿ ಮತ್ತೆ ಹೊತ್ತಿಸುತ್ತೆ. ಪ್ರತಿ ಲದ್ದಿಯನ್ನೂ ಗುದ್ದಲಿಯಲ್ಲಿ ಒಡೆದು, ಹರಡಿ, ನೀರು ಹನಿಸಬೇಕು. ಒಣಗಿದ ಬಿದಿರು ಮೆಳೆಯ ಬುಡ, ಮರದ ಮೋಟು, ಬೇರು, ಎಲ್ಲಕ್ಕೂ ಇದೇ ಉಪಚಾರ. ಅಂಗೈಯಿಂದ ಮುಟ್ಟಿ ನೋಡಬಾರದು, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ತಂದರೆ ಕಾವು ತಿಳಿಯುತ್ತೆ. ಇನ್ನು ಪೊಳ್ಳು ಮರ. ಒಳಗೆ ಹೊತ್ತಿಕೊಂಡರೆ ಹೊಗೆಗೂಡಿನ ಹಾಗೆ ಮೇಲಿನ ರಂಧ್ರದಿಂದ ಕಿಡಿ ಕಾರುತ್ತೆ, ದಿನಗಟ್ಟಲೆ. ಬುಡದಲ್ಲಿ ಸುತ್ತಲೂ ತರಗು ತೆಗೆದು, ಅದು ಬೀಳೋ ದಿಕ್ಕು ಅಂದಾಜು ಮಾಡಿ, ಒಬ್ಬರನ್ನು ದೂರದಲ್ಲಿ ಕಾವಲಿಗೆ ಕೂರಿಸಬೇಕು.

2019ರ ಫೆಬ್ರವರಿ ನಿಮಗೂ ನೆನಪಿರಬಹುದು. ಗೋಪಾಲಸ್ವಾಮಿ ಬೆಟ್ಟದ ಕಡೆ, ಕುಂದಕೆರೆ ಕಡೆ ಐದು ದಿನ ಉರೀತು, ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ಟಿನಲ್ಲಿ ನೀರು ಸುರಿದವು. ಬೆಂಗಳೂರು, ಮೈಸೂರಿನಿಂದ ಬಂದ ಹುಡುಗ ಹುಡುಗಿಯರು ಮನಸ್ಸಿಟ್ಟು ದುಡಿದರು, ಅದನ್ನು ನಾವು ಮರೆತಿಲ್ಲ. ಆದರೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಕಲಿತು ಬಂದವರು ಕಡಿಮೆ. ಆ ಗಡಿಬಿಡಿಯಲ್ಲಿ ಕಲಿಸೋಕೆ ನಮಗೆ ಪುರುಸೊತ್ತಿರಲಿಲ್ಲ.

ಆದ್ದರಿಂದ ಬರೋದಾದರೆ ಹೀಗೆ ಮಾಡಿ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. ನವೆಂಬರಿನಲ್ಲೇ ವಲಯ ಅರಣ್ಯಾಧಿಕಾರಿಗೆ ನಿಮ್ಮೆಲ್ಲರ ಹೆಸರು, ವಯಸ್ಸು, ರಕ್ತದ ಗುಂಪು ಬರೆದು ಪತ್ರ ಕೊಡಿ. ಲೈನ್ ಕೆಲಸಕ್ಕೆ ಬರ್ತೀವಿ ಅಂತಲೇ ಕೇಳಿ. ಉಬ್ಬಸ ಇರೋರು, ಬಿಪಿ ಇರೋರು ಹೊಗೆಗೆ ಬರಬೇಡಿ, ಅಡುಗೆ, ನೀರು ಸಾಗಿಸೋದು, ಪಟ್ಟಿ ಬರೆಯೋದು ಅಂತ ಶಿಬಿರದಲ್ಲೇ ಬೇಕಾದಷ್ಟಿದೆ. ಬಟ್ಟೆ ಪೂರ್ತಿ ತೋಳಿನ ದಪ್ಪ ಹತ್ತಿಯದೇ ಇರಲಿ. ಜಾಗಿಂಗ್ ಪ್ಯಾಂಟು, ಟೀಶರ್ಟು ಪಾಲಿಯೆಸ್ಟರ್ ಆದರೆ ಕಿಡಿ ಬಿದ್ದ ಕಡೆ ಕರಗಿ ಚರ್ಮಕ್ಕೆ ಅಂಟುತ್ತೆ. ಚರ್ಮದ ಬೂಟು, ಹತ್ತಿ ಟವೆಲ್, ಕುಡಿಯೋಕೆ ತಲಾ ಮೂರು ಲೀಟರ್ ನೀರು, ಒಆರ್‌ಎಸ್, ಬೆಲ್ಲ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಗೇಟಿನಲ್ಲೇ ಬಿಡಿ. ದಾರಿಯಲ್ಲಿ ಹೋಗುವಾಗ ಹೊಗೆ ಕಂಡರೆ ಇಳಿದು ಓಡಬೇಡಿ, 1926 ಅರಣ್ಯ ಸಹಾಯವಾಣಿಗೆ ಅಥವಾ 112ಕ್ಕೆ ಫೋನ್ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ.

ಬರೋಕೆ ಆಗದಿದ್ದರೆ, ದುಡ್ಡು ಕೂಡಿಸಿ ವಾಚರ್‌ಗಳಿಗೆ ಬೂಟು ಕೊಡಿಸಿ. ಚಪ್ಪಲಿಯಲ್ಲಿ ಕೆಂಡ ತುಳಿಯೋ ಹುಡುಗರು ಇವತ್ತಿಗೂ ಇದ್ದಾರೆ. ವಲಯ ಕಚೇರಿಯಲ್ಲಿ ಕೇಳಿ ಪ್ರತಿಯೊಬ್ಬರ ಕಾಲಳತೆ ತಗೊಂಡೇ ಖರೀದಿ ಮಾಡಿ, ಜನವರಿ ಒಳಗೆ ಕೈಗೆ ಸೇರೋ ಹಾಗೆ.