ನಂಬಿಕೆಯಲ್ಲಿ ಸತ್ಯ ಮುಖ್ಯವೋ, ಸಂತೋಷ ಮುಖ್ಯವೋ?

ದೇವರ ಮೇಲಿನ ನಂಬಿಕೆ ಹೋಗಿದೆ, ಆದರೆ ನಂಬಿದ್ದಾಗಲೇ ಸುಖವಾಗಿದ್ದೆ, ಹಾಗಾಗಿ ಸುಮ್ನೆ ನಂಬಿದವನ ಹಾಗೇ ಇದ್ದುಬಿಡಲಾ ಅಂತ ಕೇಳಿದ್ದೀರಿ. ನಾನು ಹಾಗೆ ಇದ್ದು ನೋಡಿದವನು. ನಾಲ್ಕು ವರ್ಷ.

ನನಗೆ ಧೈರ್ಯ ಕೊಟ್ಟಿದ್ದು ಫ್ರಾನ್ಸಿನ ಗಣಿತಜ್ಞ, ಚಿಂತಕ ಪಾಸ್ಕಲ್. ದೇವರಿದ್ದಾನೆ ಅಂತ ಪಣ ಕಟ್ಟಿ, ಗೆದ್ದರೆ ಎಲ್ಲವೂ ಸಿಗುತ್ತೆ, ಸೋತರೆ ಹೋಗೋದೇನೂ ಇಲ್ಲ ಎಂದವನು. ಅವನು ತೀರಿಕೊಂಡ ಮೇಲೆ, 1670ರಲ್ಲಿ ಅಚ್ಚಾದ ಮಾತು. ನಂಬಲು ಆಗದವರಿಗೂ ಅವನ ಹತ್ತಿರ ಉಪಾಯವಿತ್ತು: ನಂಬಿದವರು ಮಾಡುವುದನ್ನೆಲ್ಲ ಮಾಡುತ್ತಾ ಹೋಗಿ, ನಂಬಿಕೆ ತಾನಾಗಿ ಬರುತ್ತೆ. ಸರಿ, ದಿನಾ ಸಂಜೆ ಅಮ್ಮನ ಪಕ್ಕ ಪ್ರಾರ್ಥನೆಗೆ ಕೂತೆ. ಅರ್ಧ ಕಣ್ಣು ತೆರೆದು ಅಮ್ಮನ ತುಟಿ ನೋಡುತ್ತಿದ್ದೆ, ಇನ್ನೆಷ್ಟು ಉಳಿದಿದೆ ಅಂತ. ನಂಬಿಕೆ ಬರಲಿಲ್ಲ, ಬಾಯಿಪಾಠ ಬಂತು.

ಆಮೇಲೆ ಅಮ್ಮ ಹಾಸಿಗೆ ಹಿಡಿದರು. ಒಂದು ರಾತ್ರಿ ಕೇಳಿದರು, "ಹೋದ್ಮೇಲೆ ನಿಮ್ಮಪ್ಪ ಸಿಗ್ತಾರೇನೋ?"

"ಸಿಗ್ತಾರಮ್ಮ" ಅಂದೆ. ಅವರು ಕೇಳಿ ಮುಗಿಸುವ ಮೊದಲೇ.

ನನ್ನ ಮುಖ ನೋಡಿದರು. ಹೊದಿಕೆಯ ಅಂಚು ಎಳೆದುಕೊಂಡು "ಹೋಗಿ ಮಲಕ್ಕೋ, ಹೊತ್ತಾಯ್ತು" ಅಂದರು. ಆ ಮಾತು ಮತ್ತೆ ನನ್ನ ಹತ್ತಿರ ಎತ್ತಲೇ ಇಲ್ಲ. ಅಕ್ಕನಿಗೆ ಮಾತ್ರ "ಭಯ ಆಗುತ್ತೆ ಕಣೇ" ಅಂದಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಅವರು ಹೋದ ಮೇಲೆ.

ಸುಳ್ಳು ಹೇಳಿದ್ದೇ ತಪ್ಪು ಅಂತೀರಾ? ಸಾಯುವವರಿಗೆ ಹೇಳಿದ ಒಂದು ಸುಳ್ಳಿಗೆ ನಾನು ಇಷ್ಟು ಕೊರಗುತ್ತಿರಲಿಲ್ಲ. ಯೋಚನೆ ಮಾಡಿ, ಅಮ್ಮ ಜೀವನಪೂರ್ತಿ ನಂಬಿದವರು. ಉತ್ತರ ಅವರಿಗೇ ಗೊತ್ತಿತ್ತು. ಆದರೂ ಕೇಳಿದರು ಅಂದರೆ ಒಳಗೆ ಏನೋ ಅಲುಗಾಡಿತ್ತು. ಆ ಅಲುಗಾಟ ಏನು ಅಂತ ಮನೆಯಲ್ಲಿ ಬಲ್ಲವನು ನಾನೊಬ್ಬನೇ. "ಯಾಕಮ್ಮ ಹಾಗನ್ನಿಸ್ತು?" ಅಂದಿದ್ದರೆ ಸಾಕಿತ್ತು. ನಟಿಸಿ ನಟಿಸಿ ಪಳಗಿದ ಬಾಯಿಗೆ ಸಿದ್ಧ ಉತ್ತರವೇ ಮೊದಲು ಬಂತು. ಒಂದು ದಿನದ ಸುಳ್ಳಾದರೆ ಮರುದಿನ ಸರಿಮಾಡಬಹುದು. ಇದನ್ನು ಸರಿಮಾಡಲು ನಾಲ್ಕು ವರ್ಷದ ಸಂಜೆಗಳನ್ನೆಲ್ಲ ಬಿಚ್ಚಬೇಕಿತ್ತು. ನಾನು ಬಿಚ್ಚಲಿಲ್ಲ.

ಪಾಸ್ಕಲ್‌ನ ಪಣದ ಬಗ್ಗೆ 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಒಂದು ಮಾತು ಹೇಳಿದ್ದ. ನಂಬುವ ಒಲವು ಮೊದಲೇ ಒಂದಿಷ್ಟು ಜೀವಂತ ಇದ್ದವರಿಗೆ ಮಾತ್ರ ಅದು ನಡೆಯುತ್ತೆ ಅಂತ. (ಜೇಮ್ಸ್ ನಂಬಿಕೆಯ ಪರ ಇದ್ದವನೇ, ನೆನಪಿರಲಿ.) ನಿಮ್ಮದು ಹೋಗಿದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಹಾಗಿದ್ದ ಮೇಲೆ ಸತ್ಯವೋ ಸಂತೋಷವೋ ಅನ್ನುವ ಆಯ್ಕೆಯೇ ನಿಮ್ಮ ಮುಂದಿಲ್ಲ. ನೀವು ಉಳಿಸಿಕೊಳ್ಳಲು ಹೊರಟಿರುವ ಸುಖ ಜೊತೆಗೆ ಕೂರುವ ಜನರದ್ದು. ಕೂರಲು ಸುಳ್ಳು ಬೇಕಿಲ್ಲ. ಅವರಲ್ಲಿ ಒಬ್ಬರಿಗಾದರೂ ಈ ವಾರವೇ ಹೇಳಿ.

ನಾನು ಅಕ್ಕನಿಗೆ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ಸಂಜೆ "ಬರ್ತೀಯೋ ಇಲ್ವೋ?" ಅಂತ ಕೂಗಿದಳು. ಹೋಗಿ ಕೂತೆ. ಈಗ ಕಣ್ಣು ಮುಚ್ಚುವುದಿಲ್ಲ.