ಕರಡು ನಿಯಮದಲ್ಲಿ ಖರ್ಚು-ಲಾಭದ ಲೆಕ್ಕವೇ ಇಲ್ಲದಿದ್ದರೆ

ನೀವು ಮಾರುವ ತಿಂಡಿ ಪೊಟ್ಟಣಗಳ ಲೇಬಲ್ ಬಗ್ಗೆ ಕೇಂದ್ರ ತಂದಿರುವ ಕರಡು ನಿಯಮದಲ್ಲಿ ಖರ್ಚು-ಲಾಭದ ಲೆಕ್ಕ (ನಿಯಮದಿಂದ ಆಗುವ ಖರ್ಚೆಷ್ಟು, ಲಾಭವೆಷ್ಟು ಅನ್ನೋದು) ಇಲ್ಲ, ಇದು ಕಡ್ಡಾಯ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ನಮ್ಮಲ್ಲಿ ಎಲ್ಲ ಇಲಾಖೆಗಳಿಗೂ ಅದನ್ನು ಕಡ್ಡಾಯ ಮಾಡುವ ಕಾಯ್ದೆಯೇ ಇಲ್ಲ, ಅದಕ್ಕೇ ಲೆಕ್ಕ ಹಾಕಿಲ್ಲ. 1981ರಿಂದ ದೊಡ್ಡ ನಿಯಮಗಳಿಗೆ ಅದು ಬೇಕೇ ಬೇಕು ಅಂತಿರುವುದು ಅಮೆರಿಕದಲ್ಲಿ. ನೀವು ಓದಿದ್ದು ಬಹುಶಃ ಅದೇ.

ಇಲ್ಲಿರುವುದು ಕೇಂದ್ರದ 2014ರ ಸಮಾಲೋಚನೆ ನೀತಿ: ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಹಣದ ಹೊರೆ, ಬದುಕಿನ ಮೇಲಿನ ಪರಿಣಾಮ ವಿವರಿಸುವ ಟಿಪ್ಪಣಿ ಕೊಡಬೇಕು. ನೀತಿ ಅಷ್ಟೇ, ಕಾಯ್ದೆಯಲ್ಲ. ಇದೊಂದನ್ನೇ ಹಿಡಿದು ಕೋರ್ಟಿಗೆ ಹೋದರೆ ಗೆಲ್ಲುತ್ತೀರಿ ಅಂತ ನಾನು ಹೇಳಲಾರೆ.

ಮೊದಲು ಗೆಜೆಟ್ ಅಧಿಸೂಚನೆಯಲ್ಲಿ ಆಕ್ಷೇಪಣೆಯ ಕೊನೆಯ ದಿನ ನೋಡಿ. ಆಮೇಲೆ ಆಕ್ಷೇಪಣೆಯಲ್ಲಿ ನಿಮ್ಮ ಖರ್ಚಿನ ಲೆಕ್ಕ ನೀವೇ ಬರೆಯಿರಿ. 'ಸಣ್ಣವರಿಗೆ ಕಷ್ಟ' ಅಂದರೆ ಯಾರೂ ಓದಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಒಂದೊಂದಕ್ಕೂ ಎಷ್ಟು ಸೈಜಿನ ಪೊಟ್ಟಣ, ಪ್ರತಿ ಡಿಸೈನಿಗೆ ಪೊಟ್ಟಣ ಮುದ್ರಿಸುವ ಎಷ್ಟು ಹೊಸ ಪ್ರಿಂಟಿಂಗ್ ಸಿಲಿಂಡರ್, ಗೋಡೌನಿನಲ್ಲಿ ಹಳೆ ಲೇಬಲ್ ಮುದ್ರಿಸಿದ ಪ್ಯಾಕಿಂಗ್ ರೋಲ್ ಎಷ್ಟು ಕೆಜಿ, ಖಾಲಿಯಾಗಲು ಎಷ್ಟು ತಿಂಗಳು, ಎಲ್ಲ ಹಾಕಿ. ಸಿಲಿಂಡರ್ ಬಿಲ್ ಜೆರಾಕ್ಸ್ ಲಗತ್ತಿಸಿ. ಕೊನೆಗೆ ಒಂದೇ ಬೇಡಿಕೆ: ಹಳೆ ಸ್ಟಾಕ್ ಮುಗಿಯುವವರೆಗೆ ಕಾಲಾವಕಾಶ ಕೊಡಿ. ನಿಯಮವನ್ನೇ ಬಿಡಿ ಅಂದರೆ ಸುಮ್ನೆ ಪಕ್ಕಕ್ಕಿಡುತ್ತಾರೆ.

ಜೊತೆಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಹಾಕಿ, 2014ರ ನೀತಿಯಂತೆ ಈ ಕರಡಿಗೆ ಕೊಡಬೇಕಿದ್ದ ಟಿಪ್ಪಣಿಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನ ಸಮಯವಿದೆ, ಅದಕ್ಕೆ ಕಾಯಬೇಡಿ. ಆಕ್ಷೇಪಣೆಯನ್ನು ಅಧಿಸೂಚನೆಯಲ್ಲಿರುವ ಇಮೇಲ್‌ಗೂ ಸ್ಪೀಡ್ ಪೋಸ್ಟಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.