ನಾಲ್ಕನೇ ವಿಷಯ ಯಾವುದಿರಲಿ?

ಪ್ರಶ್ನೆ: ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 93 ಬಂದಿದೆ. ದಾವಣಗೆರೆಯಲ್ಲಿ ಪಿಯು ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿಸಿ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ), ಜೆಇಇ (ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ), ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಮೂರಕ್ಕೂ ಕೋಚಿಂಗ್ ಕೊಡಿಸಿದರೆ ಒಂದಾದರೂ ಕೈಹಿಡಿಯುತ್ತದಲ್ಲ?
– ತಾಯಿಯೊಬ್ಬರು, ಹೊಳಲ್ಕೆರೆ

ಉತ್ತರ: ಪಿಸಿಎಂಬಿ ಸರಿ, ಮೂರು ಕೋಚಿಂಗ್ ಬೇಡ. ಪಠ್ಯ ಹೆಚ್ಚುಕಡಿಮೆ ಒಂದೇ ಇದ್ದರೂ ಮೂರರ ಓಟ ಬೇರೆ ಬೇರೆ. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಅದರಲ್ಲಿ 90 ಜೀವಶಾಸ್ತ್ರದ್ದೇ. ಗಣಿತ ಇಲ್ಲವೇ ಇಲ್ಲ. ಜೆಇಇ ಮೇನ್‌ನಲ್ಲಿ 3 ಗಂಟೆಗೆ 75 ಪ್ರಶ್ನೆ, ಅಂದರೆ ಒಂದಕ್ಕೆ 2 ನಿಮಿಷ 24 ಸೆಕೆಂಡು. ಅಲ್ಲಿ ಯೋಚಿಸಿ ಲೆಕ್ಕ ಬಿಡಿಸಬೇಕು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಅದೇ ಅಭ್ಯಾಸ ಮುಂದುವರಿಸಿದರೆ ಪ್ರತಿ ತಪ್ಪಿಗೆ ಒಂದು ಅಂಕ ಹೋಗುತ್ತದೆ.

ಮೂರಕ್ಕೂ ಓಡುವ ಮಕ್ಕಳು ಸಾಮಾನ್ಯವಾಗಿ ಎಡವುವುದು ದ್ವಿತೀಯ ಪಿಯುವಿನ ಡಿಸೆಂಬರ್ ಹೊತ್ತಿಗೆ. ಜನವರಿಯ ಜೆಇಇಗೆ ಗಣಿತ ಹಿಡಿದು ಕೂತರೆ ಜೀವಶಾಸ್ತ್ರ ಮರೆತುಹೋಗುತ್ತದೆ. ಅಷ್ಟರಲ್ಲಿ ಪಿಯು ಪ್ರಾಯೋಗಿಕ ಪರೀಕ್ಷೆ ಬಂದಿರುತ್ತದೆ. ಪ್ರಥಮ ಪಿಯು ಮುಗಿಯುವಷ್ಟರಲ್ಲಿ ನೀಟೋ ಜೆಇಇಯೋ ತೀರ್ಮಾನವಾಗಲಿ. ಯಾವುದೇ ಆದರೂ ಸಿಇಟಿ ಜೊತೆಗಿರಲಿ. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಸಾಕು. ಡಾಕ್ಟರ್ ಓದೇ ಗುರಿ ಎಂದು ಗಣಿತವನ್ನು ಪೂರ್ತಿ ಕೈಬಿಡಬೇಡಿ. ಭೌತಶಾಸ್ತ್ರದಲ್ಲಿ ಸದಿಶ (ವೆಕ್ಟರ್), ವ್ಯುತ್ಪನ್ನ (ಡೆರಿವೇಟಿವ್) ಬಾರದವರು ನೀಟ್‌ನಲ್ಲೂ ಕಷ್ಟಪಡುತ್ತಾರೆ.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಆಸೆ. ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ತಗೊಳ್ಳದಿದ್ದರೆ ತೊಂದರೆಯೇ?
– ವಿದ್ಯಾರ್ಥಿ, ಹರಿಹರ

ಉತ್ತರ: ಇಲ್ಲ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿ ಆಗಲಿ, ಬಿಐಇಟಿ ಆಗಲಿ, ಸಿಇಟಿ ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಪಿಯುವಿನಲ್ಲಿ ಕಂಪ್ಯೂಟರ್ ಓದಿರಲೇಬೇಕೆಂದಿಲ್ಲ. ಓದಿದರೆ ಮೊದಲ ಸೆಮಿಸ್ಟರ್‌ನ ಪ್ರೋಗ್ರಾಮಿಂಗ್ ಸಲೀಸು, ಅಷ್ಟೇ. ವೈದ್ಯಕೀಯ, ಕೃಷಿ ಬಿ.ಎಸ್ಸಿ. ಎರಡೂ ಬೇಡವೆಂದು ಖಚಿತವಿದ್ದರೆ ಮಾತ್ರ ಜೀವಶಾಸ್ತ್ರ ಬಿಡಿ. ಸಂಯೋಜನೆ ಬದಲಿಸುವುದಿದ್ದರೆ ಪ್ರಥಮ ಪಿಯುವಿನ ಆರಂಭದ ವಾರಗಳಲ್ಲೇ ಪ್ರಾಂಶುಪಾಲರನ್ನು ಕಾಣಿ.

ಪ್ರಶ್ನೆ: ಸಿಇಟಿ ಚೆನ್ನಾಗಿ ಮಾಡಿದರೆ ಸಾಕು, ಪಿಯು ಬರೀ ಪಾಸಾದರೂ ನಡೆಯುತ್ತದೆ ಎಂದು ಗೆಳೆಯರ ಮಾತು. ನಿಜವೇ?
– ದ್ವಿತೀಯ ಪಿಯು, ಚಿತ್ರದುರ್ಗ

ಉತ್ತರ: ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುವಿನ ಪಿಸಿಎಂ ಅಂಕ ಅರ್ಧ, ಸಿಇಟಿ ಅರ್ಧ. ಪಿಯುವಿನಲ್ಲಿ ಶೇ 90 ಪಡೆದು ಸಿಇಟಿಯಲ್ಲಿ 180ಕ್ಕೆ 90 ತೆಗೆದವನ ಸರಾಸರಿ 70. ಸಿಇಟಿಯಲ್ಲಿ 108 ತೆಗೆದರೂ ಪಿಯುವಿನಲ್ಲಿ ಶೇ 60ಕ್ಕೆ ನಿಂತವನದು 60. ಹದಿನೆಂಟು ಅಂಕ ಹೆಚ್ಚಿದ್ದೂ ಹಿಂದೆ! ನಿಮ್ಮ ಗೆಳೆಯರ ಮಾತು ನೀಟ್‌ಗೆ ಹೊಂದುತ್ತದೆ, ಅಲ್ಲಿ ಪಿಯು ಅಂಕ ಕೇವಲ ಅರ್ಹತೆಗೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಗಳ ಅಂಕ ಸೇರುವುದಿಲ್ಲ. ಒಟ್ಟು ಶೇಕಡಾವಾರು ಏರಲೆಂದೇ ಕನ್ನಡ ಬಿಟ್ಟು ಸಂಸ್ಕೃತಕ್ಕೆ ಹೋಗುವವರಿಗೆ ಇದು ಗೊತ್ತಿದ್ದಂತಿಲ್ಲ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ವಿಜ್ಞಾನ ತಗೊಳ್ಳಲು ಅಂಜಿಕೆ.
– ವಿದ್ಯಾರ್ಥಿನಿ, ಜಗಳೂರು

ಉತ್ತರ: ಅಂಜಿಕೆ ಪದಗಳದ್ದು, ವಿಷಯದ್ದಲ್ಲ. ವೇಗೋತ್ಕರ್ಷ ಗೊತ್ತಿರುವವರಿಗೆ ಆಕ್ಸಿಲರೇಶನ್ ಹೊಸ ಪಾಠವಲ್ಲ. ಕಾಲೇಜು ಶುರುವಾಗುವ ಮೊದಲು ದಿನಕ್ಕೆ ಹದಿನೈದರಂತೆ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳಿ, ತಿಂಗಳಿಗೆ ನಾನೂರೈವತ್ತಾಗುತ್ತದೆ. ಒಂದರಿಂದ ಹತ್ತರವರೆಗಿನ ಕನ್ನಡ ಮಾಧ್ಯಮ ಪ್ರಮಾಣಪತ್ರವನ್ನೂ, ಹಳ್ಳಿ ಶಾಲೆಯಾಗಿದ್ದರೆ ಗ್ರಾಮೀಣ ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿಡಿ. ಸಿಇಟಿ ಸೀಟು ಹಂಚಿಕೆಯಲ್ಲಿ ಎರಡಕ್ಕೂ ಮೀಸಲಾತಿ ಇದೆ. ಅರ್ಜಿಯಲ್ಲಿ ಆ ಕಾಲಂ ತುಂಬಲು ಮರೆಯಬೇಡಿ.